ಬೇಗ ಸಿಗಲೆಂದು ಡೇಟಾ ಇಟ್ಟುಕೊಳ್ಳುವ ಸಾಫ್ಟ್‌ವೇರ್‌ಗಳಾದ ರೆಡಿಸ್, ಮೆಮ್‌ಕ್ಯಾಶ್‌ಡಿ ಅದನ್ನು ಕಂಪ್ಯೂಟರ್‌ನ ವೇಗದ ಮೆಮೊರಿಯಾದ ರ‍್ಯಾಮ್‌ನಲ್ಲಿ ಹೇಗೆ ಇಡುತ್ತವೆ? ರ‍್ಯಾಮ್ ತುಂಬಿದರೆ ಏನಾಗುತ್ತದೆ?

ಹುಬ್ಬಳ್ಳಿಯಲ್ಲಿ ಕೂತು ಧಾರವಾಡ ಪೇಢೆ ಆರ್ಡರ್ ಮಾಡುವ ಸೈಟ್ ಕಟ್ಟಿದ್ದೀರಿ ಅಂದುಕೊಳ್ಳಿ. ದರ ತೋರಿಸಲು ಪ್ರತಿ ಸಲ ಡೇಟಾಬೇಸ್‌ಗೆ ಹೋಗುವ ಬದಲು, 'ಪೇಢೆ:ದರ' ಎಂಬ ಕೀ (ಗುರುತಿನ ಹೆಸರು) ಕೊಟ್ಟು ರ‍್ಯಾಮ್‌ನಲ್ಲಿ ಇಡುತ್ತೀರಿ. ಒಳಗಿರುವುದು ಹ್ಯಾಶ್ ಟೇಬಲ್. ಕೀಯಿಂದಲೇ ಜಾಗ ಲೆಕ್ಕ ಹಾಕುತ್ತದೆ. ಹಾಗಾಗಿ ಕೀ ಸಾವಿರ ಇರಲಿ, ಲಕ್ಷ ಇರಲಿ, ಹುಡುಕುವ ಸಮಯ ಹೆಚ್ಚುಕಮ್ಮಿ ಒಂದೇ.

ಮಜಾ ಇರುವುದು ಜಾಗ ಹಂಚುವುದರಲ್ಲಿ. 2003ರಲ್ಲಿ ಬಂದ ಮೆಮ್‌ಕ್ಯಾಶ್‌ಡಿ ರ‍್ಯಾಮನ್ನು 1 ಎಂಬಿ ಪುಟಗಳಾಗಿ ಪಡೆದು, ಒಂದೊಂದು ಪುಟವನ್ನೂ ಸಮ ಅಳತೆಯ ತುಂಡು ಮಾಡುತ್ತದೆ. ಒಂದೇ ಅಳತೆಯ ತುಂಡುಗಳೆಲ್ಲ ಸೇರಿ ಒಂದು ವರ್ಗ. ಒಂದು ವರ್ಗದ ತುಂಡಿಗಿಂತ ಮುಂದಿನ ವರ್ಗದ್ದು ಸಾಮಾನ್ಯವಾಗಿ 1.25 ಪಟ್ಟು ದೊಡ್ಡದು. 100 ಬೈಟ್ ಡೇಟಾ 120 ಬೈಟ್ ತುಂಡಿನಲ್ಲಿ ಕೂತರೆ 20 ಬೈಟ್ ಸುಮ್ನೆ ದಂಡ. ಆದರೆ ಮೆಮೊರಿ ಚೂರುಚೂರಾಗಿ ಹಾಳಾಗುವುದು ತಪ್ಪುತ್ತದೆ. ನನ್ನ ಪ್ರಕಾರ ಲಾಭದ ವ್ಯಾಪಾರವೇ.

ತುಂಬಿದಾಗ ಮೆಮ್‌ಕ್ಯಾಶ್‌ಡಿ, ಬಹಳ ಹೊತ್ತಿನಿಂದ ಯಾರೂ ಕೇಳದ್ದನ್ನು ಅದೇ ವರ್ಗದಿಂದ ತೆಗೆಯುತ್ತದೆ. ರೆಡಿಸ್‌ಗೆ ಮಾತ್ರ ನೀವೇ ಹೇಳಬೇಕು. ಮೆಮೊರಿಗೆ ಮಿತಿ ಹಾಕಿ, ಯಾವುದನ್ನು ತೆಗೆಯಬೇಕೆಂಬ ನೀತಿ ಹೇಳದೆ ಬಿಟ್ಟರೆ, ಏನನ್ನೂ ತೆಗೆಯದೆ ಹೊಸದಾಗಿ ಬರೆಯುವುದಕ್ಕೆ ಎರರ್ ಕೊಡುತ್ತದೆ. ಇದು ಬಹಳ ಜನರಿಗೆ ಗೊತ್ತಿರುವುದಿಲ್ಲ! ಎಲ್‌ಆರ್‌ಯು ನೀತಿ (ಬಹಳ ಹೊತ್ತಿನಿಂದ ಬಳಸದ್ದನ್ನು ಮೊದಲು ತೆಗೆಯುವುದು) ಹಾಕಿದರೂ ಅದು ಎಲ್ಲ ಕೀಗಳನ್ನು ಜಾಲಾಡುವುದಿಲ್ಲ. ಒಂದು ಸಲಕ್ಕೆ ಸಾಮಾನ್ಯವಾಗಿ 5 ಕೀಗಳ ಸ್ಯಾಂಪಲ್ ಎತ್ತಿ, ಅವುಗಳಲ್ಲಿ ಬಹಳ ಹೊತ್ತಿನಿಂದ ಬಳಸದ್ದನ್ನು ಆರಿಸುತ್ತದೆ.

'ಇಷ್ಟು ಹೊತ್ತು ಮಾತ್ರ ಇರಲಿ' ಎಂದು ಕೊಟ್ಟ ಅವಧಿ ಮುಗಿದ ಕೀ ಕೂಡ ಆ ಕ್ಷಣವೇ ಅಳಿಯುವುದಿಲ್ಲ. ಯಾರಾದರೂ ಕೇಳಿದಾಗ, ಇಲ್ಲವೇ ಹಿನ್ನೆಲೆಯಲ್ಲಿ ಆಗಾಗ ನಡೆಯುವ ತಪಾಸಣೆಯಲ್ಲಿ ಹೋಗುತ್ತದೆ. ಇನ್ನು ಕರೆಂಟ್ ಹೋದರೆ ಮೆಮ್‌ಕ್ಯಾಶ್‌ಡಿ ಖಾಲಿ. ರೆಡಿಸ್ ಡಿಸ್ಕ್‌ಗೂ ಬರೆದಿಡಬಲ್ಲದು.