ಬೆಲ್ಲದ ದುಡ್ಡು ಯಾವಾಗ ಕೈಗೆ ಬರುತ್ತದೆ?

ಮೈಸೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಐದು ವರ್ಷ ದುಡಿದಿದ್ದೇನೆ, ಕಾಲೇಜಿನ ಗೆಳೆಯನೊಬ್ಬನ ಜೊತೆ ಸೇರಿ ರೈತರಿಗಾಗಿ ಸ್ಟಾರ್ಟ್‌ಅಪ್ ಆರಂಭಿಸಬೇಕೆಂದಿದ್ದೇನೆ, ಒಂದು ವರ್ಷಕ್ಕೆ ಸಾಲುವಷ್ಟು ಉಳಿತಾಯವಿದೆ, ಈಗಲೇ ಕೆಲಸ ಬಿಡಬಹುದೇ ಎಂದು ಕೇಳಿದ್ದೀರಿ. ನಿಮ್ಮ ಲೆಕ್ಕ ಓದಿದಾಗ ನನ್ನದೇ ಹಳೆಯ ಲೆಕ್ಕ ಕಣ್ಣಮುಂದೆ ಬಂತು.

2021ರ ಜನವರಿಯಲ್ಲಿ ನಾನೂ ನನ್ನ ಸಹಪಾಠಿಯೂ ಸೇರಿ ಮಂಡ್ಯ ಜಿಲ್ಲೆಯಲ್ಲಿ ಕಬ್ಬು ಅರೆದು ಬೆಲ್ಲ ತೆಗೆಯುವ ಆಲೆಮನೆಗಳ ಲೆಕ್ಕಪತ್ರಕ್ಕೆಂದು ಒಂದು ಆ್ಯಪ್ ತಯಾರಿಸಲು ಹೊರಟೆವು. ಯಾವ ರೈತನಿಂದ ಎಷ್ಟು ಟನ್ ಕಬ್ಬು ಬಂತು, ಅವನಿಗೆ ಕೊಟ್ಟ ಮುಂಗಡವೆಷ್ಟು, ಉತ್ತರ ಪ್ರದೇಶದಿಂದ ಬಂದ ಕೆಲಸಗಾರರಿಗೆ ಸಲ್ಲಬೇಕಾದ ಕೂಲಿ ಎಷ್ಟು, ಅಚ್ಚು ಬೆಲ್ಲವೋ ಬಕೆಟ್ ಬೆಲ್ಲವೋ ಎಷ್ಟು ಕ್ವಿಂಟಾಲ್ ಮಂಡಿಗೆ ಹೋಯಿತು ಎಂಬುದೆಲ್ಲ ಫೋನಿನಲ್ಲೇ ಸಿಗಬೇಕು ಎಂಬುದು ನಮ್ಮ ಆಸೆ. ಇಬ್ಬರ ಉಳಿತಾಯ ಸೇರಿ 11 ಲಕ್ಷ ರೂಪಾಯಿ ಇತ್ತು. ನಾವಿಬ್ಬರೂ ಸಂಬಳ ತೆಗೆದುಕೊಳ್ಳದೆ, ಮೂವರು ನೌಕರರ ಸಂಬಳ, ಕುವೆಂಪುನಗರದ ಮಹಡಿಯ ಬಾಡಿಗೆ, ಸರ್ವರ್ ಮತ್ತು ಪೆಟ್ರೋಲು ಎಲ್ಲ ಸೇರಿ ತಿಂಗಳಿಗೆ 1.10 ಲಕ್ಷ ಖರ್ಚು. ಹತ್ತು ತಿಂಗಳು ನಿಶ್ಚಿಂತೆ ಎಂದುಕೊಂಡೆವು. ಖರ್ಚಿನ ಅಂದಾಜು ಒಂದು ರೂಪಾಯಿಯೂ ತಪ್ಪಲಿಲ್ಲ; ಬರುವ ಹಣದ ವಿಷಯದಲ್ಲಿ ಮಾತ್ರ, ಎಷ್ಟು ಬರುತ್ತದೆ ಎಂದು ಬರೆದಿಟ್ಟಿದ್ದೆವೇ ಹೊರತು ಯಾವಾಗ ಬರುತ್ತದೆ ಎಂದು ಬರೆದಿರಲಿಲ್ಲ.

ಆಲೆಮನೆಯ ಯಜಮಾನರಿಗೆ ಸಂಬಳದ ದಿನವೆಂಬುದು ಇಲ್ಲ. ಬೆಲ್ಲ ಮಂಡಿಗೆ ಹೋಗಬೇಕು, ಹರಾಜಾಗಬೇಕು, ದಲ್ಲಾಳಿ ಮಾರಾಟದ ಲೆಕ್ಕದ ಚೀಟಿ, ಅಂದರೆ ಪಟ್ಟಿ, ಕೊಡಬೇಕು, ಅದರಲ್ಲಿ ಹಿಂದೆ ಪಡೆದ ಮುಂಗಡ ಮುರಿದು ಉಳಿದದ್ದು ಕೈಗೆ ಬರಬೇಕು. ಬಂದದ್ದರಲ್ಲಿ ಮೊದಲ ಪಾಲು ಕಬ್ಬು ಕೊಟ್ಟ ರೈತನಿಗೆ, ಎರಡನೆಯದು ಕೂಲಿಗೆ. ನಾವು ಪ್ರತಿ ತಿಂಗಳ ಒಂದನೇ ತಾರೀಖು 1,500 ರೂಪಾಯಿಯ ಬಿಲ್ಲು ಕಳುಹಿಸುತ್ತಿದ್ದೆವು. ಪಾಂಡವಪುರದ ಹತ್ತಿರದ ಯಜಮಾನರೊಬ್ಬರು ಕುಡಿಯಲು ಕಬ್ಬಿನ ಹಾಲು ಕೊಟ್ಟು, "ನಿಮ್ದು ಚೆನ್ನಾಗೇ ಐತೆ ಕಣಪ್ಪ, ಮಂಡಿ ದುಡ್ಡು ಬಂದ್ಮೇಲೆ ನೋಡಾನ" ಎಂದು ಮೂರು ಸಲ ಹೇಳಿ ಕಳುಹಿಸಿದರು. ಅದನ್ನು ನಾನು ನಯವಾದ ನಿರಾಕರಣೆ ಎಂದು ತಿಳಿದು, ಆ್ಯಪಿನಲ್ಲೇ ಏನೋ ಕೊರತೆಯಿದೆ ಎಂದು ಭಾವಿಸಿ, ಎರಡು ತಿಂಗಳು ಹೊಸ ಹೊಸ ಸೌಲಭ್ಯಗಳನ್ನು ಸೇರಿಸುತ್ತ ಕುಳಿತೆ. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಾಲ್ಕನೆಯ ಸಲ ಹೋದಾಗ ಹಿಂದಿನ ದಿನವಷ್ಟೇ ಪಟ್ಟಿಯ ಹಣ ಬಂದಿತ್ತು. ಕೇಳುವ ಮೊದಲೇ ಎಣಿಸಿ ಕೊಟ್ಟರು.

ಅಂದಿನಿಂದ ತಿಂಗಳ ಬಿಲ್ಲು ನಿಲ್ಲಿಸಿ, ಮಾರಾಟವಾದ ಬೆಲ್ಲಕ್ಕೆ ಕ್ವಿಂಟಾಲಿಗೆ 6 ರೂಪಾಯಿಯಂತೆ, ಪಟ್ಟಿ ಬಂದ ದಿನವೇ ಕೇಳತೊಡಗಿದೆವು. ದಿನಕ್ಕೆ ಸುಮಾರು 10 ಕ್ವಿಂಟಾಲ್ ಬೆಲ್ಲ ತೆಗೆಯುವ ಆಲೆಮನೆ ತಿಂಗಳಲ್ಲಿ 25 ದಿನ ನಡೆದರೆ ಅದೇ 1,500 ರೂಪಾಯಿಯೇ ಆಗುತ್ತದೆ. ಮೊತ್ತ ಬದಲಾಗಲಿಲ್ಲ, ದಿನ ಬದಲಾಯಿತು, ಬಾಕಿ ಮುಕ್ಕಾಲು ಪಾಲು ಇಳಿಯಿತು. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಪಾವತಿಯಾಗಬೇಕೆಂಬ 2006ರ ಕಾಯ್ದೆಯ ಬಗ್ಗೆ ನಿಮಗೆ ಯಾರಾದರೂ ಹೇಳಬಹುದು. ದೊಡ್ಡ ಕಂಪನಿಗಳಿಗೆ ಮಾರುವವರಿಗೆ ಅದು ಉಪಯುಕ್ತವೇ. ಆದರೆ ಕಾಯ್ದೆಯ ಪ್ರತಿ ಹಿಡಿದು ಆಲೆಮನೆಯ ಬಾಗಿಲಿಗೆ ಹೋದರೆ ಕಬ್ಬಿನ ಹಾಲೂ ಸಿಗಲಾರದು.

ಇದೇ ಲೆಕ್ಕದ ಇನ್ನೊಂದು ಮುಖ ತೆರಿಗೆ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನಮ್ಮಂಥ ಸೇವೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಸಂಖ್ಯೆ ಇದ್ದರೆ ಕಂಪನಿಗೆ ಗೌರವ ಬರುತ್ತದೆಂದು ನಂಬಿ ನಾವು ಮೊದಲ ತಿಂಗಳೇ ಮಾಡಿಸಿಕೊಂಡೆವು. ಮಾಡಿಸಿಕೊಂಡ ಮೇಲೆ 18 ಶೇಕಡ ವಿಧಿಸಲೇಬೇಕು. 1,500 ಹೋಗಿ 1,770 ಆಯಿತು. ಪೊಟ್ಟಣ ಕಟ್ಟಿ ಚೀಟಿ ಅಂಟಿಸದೆ ಮಾರುವ ಬೆಲ್ಲಕ್ಕೆ ಜಿಎಸ್‌ಟಿ ಇಲ್ಲವಾದ್ದರಿಂದ, ನಮಗೆ ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಹೊಂದಿಸಿಕೊಳ್ಳಲು ಯಜಮಾನರಿಗೆ ದಾರಿಯೇ ಇರಲಿಲ್ಲ. ಬೆಂಗಳೂರಿನ ಕಂಪನಿಯೊಂದಕ್ಕೆ ಕೇವಲ ಲೆಕ್ಕವಾಗುವ 270 ರೂಪಾಯಿ ಇವರಿಗೆ ಕೈಯಿಂದ ಹೋಗುವ ಹಣ. ನಿಮ್ಮ ಗ್ರಾಹಕರು ಯಾರು ಎಂದು ಗೊತ್ತಾಗುವವರೆಗೆ ಈ ಆತುರ ಬೇಡ.

ಇನ್ನು ನೀರಿನ ಮಾತು. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿಯ ಕಟ್ಟೆ ತನ್ನ ಗರಿಷ್ಠ ಮಟ್ಟವಾದ 124.80 ಅಡಿ ಮುಟ್ಟಲಿಲ್ಲ. ಆ ಸೆಪ್ಟೆಂಬರಿನಲ್ಲಿ ಕಾವೇರಿಗಾಗಿ ಮಂಡ್ಯ ಬೀದಿಗಿಳಿದದ್ದು ನಿಮಗೂ ನೆನಪಿರಬಹುದು. ನಾಲೆಯಲ್ಲಿ ನೀರಿಲ್ಲದೆ ಕಬ್ಬು ಒಣಗಿ, ಮುಂದಿನ ಬೇಸಿಗೆಯ ಹೊತ್ತಿಗೆ ನಮ್ಮ ಗ್ರಾಹಕರಲ್ಲಿ ಮೂರನೇ ಒಂದು ಭಾಗದವರು ಗಾಣ ನಿಲ್ಲಿಸಿದರು. ನಮ್ಮ ಆ್ಯಪನ್ನು ಒಬ್ಬರೂ ದೂರಲಿಲ್ಲ, ಆದರೂ ಆದಾಯ ಕುಸಿಯಿತು. ಅಷ್ಟರಲ್ಲಿ ಪಾಠ ಕಲಿತಿದ್ದ ನಾವು ಆರು ತಿಂಗಳ ಖರ್ಚನ್ನು ಬೇರೆ ಠೇವಣಿಯಲ್ಲಿ ಇಟ್ಟಿದ್ದೆವು. 2024ರ ಜುಲೈನಲ್ಲಿ ಕಟ್ಟೆ ತುಂಬುವ ತನಕ ಉಸಿರು ಹಿಡಿದದ್ದು ಅದರಿಂದಲೇ. ಈಗಲೂ ಮುಂಗಾರಿನ ದಿನಗಳಲ್ಲಿ ನಾನು ಬೆಳಿಗ್ಗೆ ಮೊದಲು ನೋಡುವುದು ಜಲಾಶಯದ ಮಟ್ಟವನ್ನೇ.

ಗೆಳೆಯರ ವಿಷಯದಲ್ಲಿ ನೀವು ಏನೂ ಕೇಳಿಲ್ಲ, ಆದರೂ ಬರೆಯಬೇಕಾಗಿದೆ. ನಾವಿಬ್ಬರೂ ಷೇರನ್ನು ಸರಿಯಾಗಿ ಅರ್ಧ ಅರ್ಧ ಹಂಚಿಕೊಂಡಿದ್ದೆವು, ಮಾತಿನ ಮೇಲೆ. ಹದಿನಾಲ್ಕು ತಿಂಗಳ ನಂತರ ನನ್ನ ಸಹಪಾಠಿಗೆ ಮದುವೆ ನಿಶ್ಚಯವಾಯಿತು, ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು, ಹೋದರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅರ್ಧ ಕಂಪನಿ ಅವರ ಜೊತೆಯೇ ಹೋಯಿತು. ಹೂಡಿಕೆ ಮಾಡಲು ಒಬ್ಬರು ಮುಂದೆ ಬಂದಾಗ, ಹೊಸ ಷೇರು ಕೊಡಲು ಬೇಕಾದ ವಿಶೇಷ ನಿರ್ಣಯಕ್ಕೆ ಮುಕ್ಕಾಲು ಪಾಲು ಮತ ಬೇಕೆಂದೂ ನನ್ನಲ್ಲಿರುವುದು ಅರ್ಧ ಮಾತ್ರವೆಂದೂ ಅರಿವಾಯಿತು. ಖಾಸಗಿ ಕಂಪನಿಗೆ ಕನಿಷ್ಠ ಇಬ್ಬರು ನಿರ್ದೇಶಕರು ಬೇಕಾದ್ದರಿಂದ, ಶಾಲೆಯಲ್ಲಿ ಪಾಠ ಮಾಡುವ ನನ್ನ ಅಕ್ಕ ಒಂದೇ ವಾರದಲ್ಲಿ ನಿರ್ದೇಶಕಿಯಾದರು. ಷೇರು ವಾಪಸು ಪಡೆಯಲು ಒಂಬತ್ತು ತಿಂಗಳೂ ಗೆಳೆತನದ ಒಂದಿಷ್ಟು ಭಾಗವೂ ಖರ್ಚಾದವು. ವೆಸ್ಟಿಂಗ್ ಎನ್ನುವ ಪದ್ಧತಿಯಲ್ಲಿ ಷೇರಿನ ಹಕ್ಕು ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ಕೈಸೇರುತ್ತದೆ, ಒಂದು ವರ್ಷ ತುಂಬುವ ಮೊದಲು ಹೊರಟವರಿಗೆ ಏನೂ ಸಿಗುವುದಿಲ್ಲ. ಅದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಲು ಹೇಳಿದರೆ ಗೆಳೆಯರು ಮುನಿಸಿಕೊಳ್ಳಬಹುದು. ಕಂಪನಿ ನೋಂದಣಿಗೆ ಮೊದಲು ಬರುವ ಮುನಿಸು ಅಗ್ಗದ್ದು.

ಈ ಗಲಾಟೆಯಲ್ಲಿ ಕಂಪನಿಯ ವಾರ್ಷಿಕ ಲೆಕ್ಕ ಮತ್ತು ವಿವರಗಳನ್ನು ಸರ್ಕಾರಕ್ಕೆ ಒಪ್ಪಿಸುವ ಎಒಸಿ-4 ಮತ್ತು ಎಂಜಿಟಿ-7ಎ ನಮೂನೆಗಳನ್ನು ಸಲ್ಲಿಸುವುದು 210 ದಿನ ತಡವಾಯಿತು. ದಂಡ ಒಂದೊಂದು ನಮೂನೆಗೆ ದಿನಕ್ಕೆ 100 ರೂಪಾಯಿ, ಒಟ್ಟು 42,000. ಅದು ಪೂರ್ತಿ ನನ್ನ ಅಜಾಗರೂಕತೆ.

ಹೂಡಿಕೆ, ಸ್ಪರ್ಧೆ, ಅನುದಾನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಷೇರು ಕೇಳದೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತಾರೆ, ಪ್ರಯತ್ನಿಸುವುದು ಒಳ್ಳೆಯದೇ. ಆದರೆ ಗಾಣಗಳು ಬಿಡುವಿಲ್ಲದೆ ತಿರುಗುವ ತಿಂಗಳಲ್ಲಿ ನಾವು ಆರು ವಾರ ಅರ್ಜಿಯ ಸ್ಲೈಡುಗಳನ್ನು ತಿದ್ದುತ್ತ ಕುಳಿತದ್ದು ಮೂರ್ಖತನ.

ನಿಮ್ಮ ಒಂದು ವರ್ಷದ ಉಳಿತಾಯವನ್ನು ಏಳು ತಿಂಗಳೆಂದೇ ಎಣಿಸಿ, ಏಕೆಂದರೆ ಮೊದಲ ಹಣ ನೀವು ಅಂದುಕೊಂಡದ್ದಕ್ಕಿಂತ ತಡವಾಗಿಯೇ ಬರುತ್ತದೆ. ರಾಜೀನಾಮೆ ಕೊಡುವ ಮೊದಲು ಶನಿವಾರ, ಭಾನುವಾರಗಳಲ್ಲಿ ಐದಾರು ರೈತರ ಮನೆಗೆ ಹೋಗಿ, ಕಳೆದ ವರ್ಷ ಅವರ ಕೈಗೆ ಯಾವ ಯಾವ ತಿಂಗಳಲ್ಲಿ ಹಣ ಬಂತು, ಬಂದ ವಾರದಲ್ಲಿ ಅದು ಯಾರ ಯಾರ ಪಾಲಾಯಿತು ಎಂದು ಕೇಳಿ ಬರೆದುಕೊಳ್ಳಿ. ಆ್ಯಪಿನ ಸುದ್ದಿ ಎತ್ತಬೇಡಿ. ಆ ಪಟ್ಟಿಯಲ್ಲಿ ನಿಮ್ಮ ಬಿಲ್ಲಿಗೆ ಜಾಗವಿರುವ ವಾರ ಯಾವುದೆಂದು ಕಂಡ ಮೇಲೆ, ಆ ವಾರಕ್ಕೆ ಮೂರು ತಿಂಗಳಿರುವಾಗ ಕೆಲಸ ಬಿಡಿ.