ವೈಫೈ ಸಿಗುತ್ತದೆ, ನೆಟ್ ಬರುವುದಿಲ್ಲ

ಹೊಸ ಫ್ಲ್ಯಾಟ್‌ನಲ್ಲಿ ಮೇಲಿನ ಮನೆಯ ಓನರ್ ರೌಟರ್‌ನಿಂದ ಕೇಬಲ್ ಎಳೆದು ನಿಮ್ಮ ರೌಟರ್‌ಗೆ ಹಾಕಿದ್ದೀರಿ, ವೈಫೈ ಸಿಕ್ಕರೂ ನೆಟ್ ಇಲ್ಲ ಅಂದಿರಿ, ಅಲ್ವಾ?

ಮೊದಲು ಆ ಕೇಬಲನ್ನು ಬಿಚ್ಚಿ ನೇರವಾಗಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ. ನೆಟ್ ಬಂತಾ? ಹಾಗಾದರೆ ಮೇಲಿನ ಮನೆಯವರನ್ನು ಸುಮ್ನೆ ಎಬ್ಬಿಸಬೇಡಿ. ತೊಂದರೆ ನಿಮ್ಮ ರೌಟರ್‌ನಲ್ಲೇ ಇದೆ.

ನನ್ನ ಅನುಮಾನ ಇದು: ಎರಡೂ ರೌಟರ್‌ಗಳ ವಿಳಾಸ 192.168.1.1 ಆಗಿರಬೇಕು. ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ಡೋರ್ ನಂಬರ್ ಇದ್ದ ಹಾಗೆ. ನಾನೂ ಇದೇ ಕಾರಣಕ್ಕೆ ಎರಡು ದಿನ ಒದ್ದಾಡಿದ್ದೇನೆ. ನಿಮ್ಮ ರೌಟರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಅದರ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ವಿಳಾಸವನ್ನು 192.168.5.1 ಮಾಡಿ, ಆಫ್ ಮಾಡಿ ಆನ್ ಮಾಡಿ. ಮೇಲಿನಿಂದ ಬಂದ ಕೇಬಲ್ ಮಾತ್ರ ವ್ಯಾನ್ (WAN) ಪೋರ್ಟ್‌ನಲ್ಲೇ, ಅಂದರೆ ಹೊರಗಿನ ನೆಟ್ ಒಳಗೆ ಬರುವ ಜಾಗದಲ್ಲೇ ಇರಲಿ. ಆಕ್ಸೆಸ್ ಪಾಯಿಂಟ್ ಮೋಡ್ (ನಿಮ್ಮ ರೌಟರ್ ಬರೀ ವೈಫೈ ಹರಡುವ ಸೆಟ್ಟಿಂಗ್) ಹಾಕಿದರೂ ಕೆಲಸ ಆಗುತ್ತದೆ, ಆದರೆ ಆಗ ಎರಡೂ ಮನೆಯ ಫೋನು, ಟಿವಿ, ಪ್ರಿಂಟರ್ ಎಲ್ಲ ಒಂದೇ ನೆಟ್‌ವರ್ಕ್‌ನಲ್ಲಿ ಇರುತ್ತವೆ. ನನಗೆ ಅದು ಇಷ್ಟವಿಲ್ಲ.

ಲ್ಯಾಪ್‌ಟಾಪ್‌ಗೂ ನೆಟ್ ಬರದಿದ್ದರೆ ಕೇಬಲ್ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಪ್ಲಾಸ್ಟಿಕ್ ಒಳಗೆ 8 ಬಣ್ಣದ ತಂತಿಗಳೂ ಕೊನೆವರೆಗೆ ಮುಟ್ಟಿರಬೇಕು. ಕಿಟಕಿಯಿಂದ ಎಳೆದಿದ್ದರೆ, ಬಾಗಿಲು ಒತ್ತುವ ಜಾಗವನ್ನು ಬೆರಳಿನಲ್ಲಿ ಸವರಿ. ನಜ್ಜಿದ್ದರೆ ಕೇಬಲ್ ಬದಲಿಸಿ.