ತಿರುಗಾಡಿದ ಅಪ್ಪ, ನಗಿಸಿದ ಅಜ್ಜ: ಅವರ ಬದುಕು ಬರೆದಿಡುವುದು ಹೇಗೆ?

ಪ್ರಶ್ನೆ: ನಮ್ಮಪ್ಪ ಮೊದಲು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು, ಆಮೇಲೆ ಜಾತ್ರೆಗಳಲ್ಲಿ ಬಳೆ ಅಂಗಡಿ ಹಾಕುತ್ತ ಊರೂರು ತಿರುಗಿದರು. ತೀರಿಕೊಂಡು ಎಂಟು ತಿಂಗಳಾಯಿತು. ವರ್ಷದ ಪುಣ್ಯತಿಥಿಗೆ ಮೊಮ್ಮಕ್ಕಳ ಕೈಗೆ ಒಂದು ಸಣ್ಣ ಪುಸ್ತಕ ಕೊಡುವ ಆಸೆ. ಯಾವ ವರ್ಷ ಯಾವ ಊರಲ್ಲಿದ್ದರು ಅನ್ನುವುದೇ ತಿಳಿಯದು. ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ 1-6-1940. ಅವರ ತಾಯಿ ಮಾತ್ರ ‘ಚಿತ್ರಭಾನು ಸಂವತ್ಸರ, ಪಂಚಮಿ ಹಬ್ಬದ ಮರುದಿನ’ ಅನ್ನುತ್ತಿದ್ದರಂತೆ.
— ಓದುಗರು, ಬೆಟಗೇರಿ

ಉತ್ತರ: ಹುಟ್ಟಿದ ದಿನಕ್ಕೆ ಅಜ್ಜಿಯ ಮಾತನ್ನೇ ನಂಬಿ. ಶಾಲೆ ಶುರುವಾಗುವುದು ಜೂನ್‌ನಲ್ಲಿ. ತಾರೀಖು ಹೇಳಲು ಬಾರದ ಮನೆಯ ಮಕ್ಕಳಿಗೆ ಮಾಸ್ತರರು ಜೂನ್ 1 ಎಂದು ಬರೆದು, ವಯಸ್ಸನ್ನು ಅಂದಾಜಿನ ಮೇಲೆ ಹಾಕುತ್ತಿದ್ದರು. ಅಂಥ ದಾಖಲೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ. ಸಂವತ್ಸರ ಮರಳುವುದು 60 ವರ್ಷಕ್ಕೊಮ್ಮೆ. ಚಿತ್ರಭಾನು ಇದ್ದದ್ದು 1942ರ ಯುಗಾದಿಯಿಂದ 1943ರ ಯುಗಾದಿಯವರೆಗೆ, ಮತ್ತೆ ಬಂದದ್ದು 2002ರಲ್ಲಿ. ಆ ಲೆಕ್ಕಕ್ಕೆ ಅಪ್ಪ ಹುಟ್ಟಿದ್ದು 1942ರ ಆಗಸ್ಟ್, ಚಲೇಜಾವ್ ಚಳವಳಿ ಎದ್ದ ತಿಂಗಳು. ಪುಸ್ತಕದಲ್ಲಿ ಎರಡನ್ನೂ ಬರೆದು, ಯಾವುದು ಯಾರು ಹೇಳಿದ್ದು ಅಂತ ಕಾಣಿಸಿ.

ತಿರುಗಾಡಿದವರ ಬದುಕನ್ನು ವರ್ಷದಿಂದ ಹಿಡಿಯಲು ಹೋದರೆ ಸಿಗುವುದಿಲ್ಲ, ಊರಿಂದ ಹಿಡಿಯಬೇಕು. ಊರಿಗೊಂದು ಬಿಡಿ ಹಾಳೆ ಇಟ್ಟುಕೊಳ್ಳಿ. ನೋಟ್‌ಬುಕ್ ಬೇಡ, ಹಾಳೆಗಳ ಸರದಿ ಹತ್ತು ಸಲ ಬದಲಾಗುತ್ತದೆ. ಜಾತ್ರೆ ವ್ಯಾಪಾರಿಗೆ ಹುಣ್ಣಿಮೆಗಳೇ ಕ್ಯಾಲೆಂಡರು: ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ, ಭಾರತ ಹುಣ್ಣಿಮೆಗೆ ಉಳವಿ ಅಥವಾ ಮೈಲಾರ, ಶಿವರಾತ್ರಿಗೆ ಹುಬ್ಬಳ್ಳಿಯ ಸಿದ್ಧಾರೂಢ ಮಠ. ಉಳವಿ, ಮೈಲಾರ ಎರಡೂ ಒಂದೇ ಹುಣ್ಣಿಮೆಯ ಆಜೂಬಾಜು, ಊರು ಮಾತ್ರ ದೂರ. ಒಂದೇ ವರ್ಷ ಎರಡೂ ಕಡೆ ಅಂಗಡಿ ಹಾಕಿದರೆಂದು ಯಾರಾದರೂ ಹೇಳಿದರೆ ಅಲ್ಲಿ ಎರಡು ವರ್ಷದ ನೆನಪು ಕೂಡಿಕೊಂಡಿದೆ ಅಂತ ತಿಳಿಯಿರಿ. ಶಿರಸಿಯ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದು ಸಿಕ್ಕರೆ ಅರ್ಧ ಲೆಕ್ಕ ತಾನಾಗಿಯೇ ಬಿಗಿಯಾಗುತ್ತದೆ. ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಕ್ಯಾಂಪ್ ಹಾಕುವುದರಿಂದ ಅಪ್ಪನ ಎರಡೂ ಕಸುಬಿನ ಗೆಳೆಯರು ಅಲ್ಲಿ ಸಿಗಬಹುದು. ಫೋಟೋ ಹಿಡಿದುಕೊಂಡು ಹೋಗಿ, ಬರೀ ಹೆಸರು ಹೇಳಿದರೆ ಸಾಲದು.

ಹಳೆಯ ಲಕೋಟೆಗಳನ್ನು ಬಿಸಾಡಬೇಡಿ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಅದು ಇದ್ದರೆ ಪತ್ರ ಆಮೇಲಿನದು, ಇಲ್ಲದಿದ್ದರೆ ಏನೂ ಹೇಳಲು ಬಾರದು. ‘ನಯಾಪೈಸೆ’ ಎಂದು ಅಚ್ಚಾಗಿದ್ದರೆ 1957ರಿಂದ 1964ರ ನಡುವಿನ ಕಾಲ. ಬಾಯಿಮಾತಿನ ‘ನಾಲ್ಕಾಣೆ’ಯಿಂದ ಮಾತ್ರ ಮೋಸಹೋಗಬೇಡಿ. ಆಣೆ ಹೋಗಿ ದಶಕಗಳಾದರೂ 25 ಪೈಸೆಗೆ ಜನ ಹಾಗೇ ಅನ್ನುತ್ತಿದ್ದರು.

ಗದಗಿನಲ್ಲಿ ಮುದ್ರಣಾಲಯಗಳಿಗೆ ಬರವಿಲ್ಲ. ನಡುವೆ ಪಿನ್ನು ಹೊಡೆಯುವ ಪುಸ್ತಕವಾದರೆ ಪುಟಗಳು 4ರ ಲೆಕ್ಕದಲ್ಲಿರಲಿ, 32 ಅಥವಾ 36. ಮೊಬೈಲಿನಲ್ಲಿ ಟೈಪ್ ಮಾಡಿದ್ದು ಪ್ರೆಸ್ಸಿನ ಫಾಂಟಿಗೆ ಹೋಗುವಾಗ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ. ಆದ್ದರಿಂದ ಕರಡು ತಿದ್ದುವುದು ಫಾಂಟ್ ಬದಲಾದ ಮೇಲೆಯೇ.

ಪ್ರಶ್ನೆ: ಅಜ್ಜ ಚಾಷ್ಟಿ ಮಾಡುವುದರಲ್ಲಿ ಎತ್ತಿದ ಕೈ. ಬರೆದರೆ ಮಾತ್ರ ಯಾರಿಗೂ ನಗು ಬರುತ್ತಿಲ್ಲ. ಒಂದು ನಮೂನೆ: ‘ಯಾವಾಗ ಹಿಂದಿರುಗುವಿರೆಂದು ಅಜ್ಜಿ ಕೇಳಿದಾಗ, ತಾವು ಇನ್ನೂ ಹೊರಟೇ ಇಲ್ಲವೆಂದು ಅಜ್ಜ ಹಾಸ್ಯಮಯವಾಗಿ ಉತ್ತರಿಸುತ್ತಿದ್ದರು.’
— ಓದುಗರು, ರಾಣೆಬೆನ್ನೂರು

ಉತ್ತರ: ಅಜ್ಜನ ಬಾಯಿಂದ ಮಾತು ಕಿತ್ತುಕೊಂಡು ನೀವು ಪುಸ್ತಕದ ಕನ್ನಡಕ್ಕೆ ಕೊಟ್ಟಿದ್ದೀರಿ. ‘ಹಾಸ್ಯಮಯವಾಗಿ’ ಅನ್ನುವ ಮಾತು ನಗುವಿಗೆ ಮೊದಲೇ ಬಂದು ಕೂತಿದೆ. ಹೀಗೆ ಬರೆದು ನೋಡಿ:

ಕೈಯಲ್ಲಿ ಚೀಲ, ಒಂದು ಕಾಲು ಹೊಸ್ತಿಲ ಹೊರಗೆ.
‘ಯಾವಾಗ ಬರ್ತೀರಿ?’
‘ಇನ್ನಾ ಹೋಗೇ ಇಲ್ಲ, ಬರೂದ ಕೇಳಾಕ್ಹತ್ತಿಯಲ್ಲ!’

ಇಷ್ಟು ಸಾಕು, ಮೇಲೆ ವಿವರಣೆ ಬೇಡ. ಆದರೆ ಮುಂದಿನ ಸಾಲಿನಲ್ಲಿ, ಆ ಸಲ ಅಜ್ಜ ಎಷ್ಟು ದಿನಕ್ಕೆ ಬಂದರು, ಅಷ್ಟು ದಿನ ಮನೆಗೆ ಜೋಳ ಯಾರು ತಂದರು ಅನ್ನುವುದನ್ನು ಬರೆಯಿರಿ. ತಿರುಗುವವರು ತಿರುಗಿದ್ದು ಮನೆಯಲ್ಲಿ ಒಬ್ಬರು ನಿಂತಿದ್ದರಿಂದ. ಅಜ್ಜಿ ಇದ್ದರೆ ಇವತ್ತೇ ಕೇಳಿ, ಒಬ್ಬರೇ ಇದ್ದಾಗ ಕೇಳಿ. ಹತ್ತು ಮಂದಿಯ ನಡುವೆ ಅವರೂ ಅಜ್ಜನ ಚಾಷ್ಟಿಯನ್ನೇ ಹೇಳಿ ಸುಮ್ಮನಾಗುತ್ತಾರೆ. ಯಾವುದಾದರೂ ಮಾತು ಅವರಿಗೆ ನೋವು ಕೊಟ್ಟಿದ್ದರೆ, ಅದನ್ನು ಅಚ್ಚುಹಾಕುವುದು ಬಿಡುವುದು ಅವರ ಇಷ್ಟ.

ಮೊಬೈಲನ್ನು ಫ್ಲೈಟ್ ಮೋಡ್‌ಗೆ ಹಾಕಿ, ಇಲ್ಲವಾದರೆ ನಡುವೆ ಫೋನ್ ಬಂದು ರೆಕಾರ್ಡಿಂಗ್ ನಿಲ್ಲಬಹುದು. ಮಡಚಿದ ಟವೆಲ್ ಮೇಲೆ, ಮಾತಾಡುವವರಿಂದ ಎರಡು ಗೇಣು ದೂರ ಇಡಿ. ಫ್ಯಾನ್ ಬಂದ್ ಮಾಡಿ. ಒಂದು ಸಲಕ್ಕೆ 40 ನಿಮಿಷ ಸಾಕು. ಒಂದೇ ಮಾತನ್ನು ಮೂವರು ಮೂರು ಥರ ಹೇಳಿದರೆ ಮೂರನ್ನೂ ಹಾಗೇ ಬರೆದುಕೊಳ್ಳಿ, ಕಲಸಿ ಒಂದು ಮಾಡಬೇಡಿ.

ಪ್ರಶ್ನೆ: ಅಪ್ಪನ ದನಿ ಇರುವ ಒಂದೇ ಒಂದು ಕ್ಯಾಸೆಟ್ ಇದೆ. ಗಾಜಿಗೆ ಅಂಟಿಕೊಂಡ ಫೋಟೋ ಒಂದಿದೆ. ಏನು ಮಾಡಲಿ?
— ಓದುಗರು, ಹಳೇ ಹುಬ್ಬಳ್ಳಿ

ಉತ್ತರ: ಸದ್ಯ ಕ್ಯಾಸೆಟ್ ಹಾಕಿ ಕೇಳಬೇಡಿ. ಮೊದಲು ಅದರ ಮೇಲಂಚಿನ ಎರಡು ಪ್ಲಾಸ್ಟಿಕ್ ಚೂರು ಮುರಿಯಿರಿ, ಆಗ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ದನಿ ಅಳಿಯದು. ಕಿಂಡಿಯಲ್ಲಿ ಬಿಳಿ ಬೂಷ್ಟು ಕಂಡರೆ ತಿಳಿದವರ ಕೈಗೇ ಕೊಡಿ, ಟೇಪ್ ಹರಿಯಬಹುದು. ಚೆನ್ನಾಗಿದ್ದರೆ ಪ್ಲೇಯರಿನ ಹೆಡ್ ಒರೆಸಿ, ಬೇರೆ ಕ್ಯಾಸೆಟ್ ಹಾಕಿ ಪರೀಕ್ಷಿಸಿ. ಆಮೇಲೆ ಇದನ್ನು ಕೊನೆತನಕ ಓಡಿಸಿ ಹಿಂದಕ್ಕೆ ಸುತ್ತಿ, ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರ್ ಜೋಡಿಸಿ. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷವೇ ಬೇಕು. ಫೈಲನ್ನು ವೇವ್ ರೂಪದಲ್ಲಿ ಇಟ್ಟುಕೊಂಡು, ಮನೆಯವರಿಗೆ ಕಳಿಸಲು ಎಂಪಿ3 ಬೇರೆ ಮಾಡಿ. ನಡುವೆ ಅಪ್ಪ ಕೆಮ್ಮಿದ್ದು, ಚಹಾ ಕೇಳಿದ್ದು ಯಾವುದನ್ನೂ ಕತ್ತರಿಸಬೇಡಿ.

ಫೋಟೋ ಕೀಳಬೇಡಿ, ಮುಖದ ಪದರವೇ ಗಾಜಿನ ಜೊತೆ ಎದ್ದು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಮಗುಚಿಟ್ಟು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಲ್ಯಾಮಿನೇಷನ್ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಒಮ್ಮೆ ಮಾಡಿಸಿದರೆ ಬಿಡಿಸಲು ಬರುವುದಿಲ್ಲ. ಉಳಿದ ಫೋಟೋಗಳ ಹಿಂದೆ ಹೆಸರು ಬರೆಯುವುದು ಮೆತ್ತನೆಯ ಪೆನ್ಸಿಲಿನಲ್ಲಿ, ಅಂಚಿನಲ್ಲಿ. ಬಾಲ್‌ಪೆನ್ನಿನ ಒತ್ತು ಮುಂದೆ ಮುಖದ ಮೇಲೆ ಮೂಡುತ್ತದೆ.